ಟಪ್ಪೆಟ್ಟೋ, ಬೇರಿಂಗೋ?

1990ರ ದಶಕದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟಿಗರ ಅಂಗಳಕ್ಕೆ ಬಂದು ನಿಂತ ಮಾರುತಿ 800ಗಳಲ್ಲಿ ಹೆಚ್ಚಿನವು ಹೊಸವಲ್ಲ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಯಾರೋ ಐದಾರು ವರ್ಷ ಓಡಿಸಿ ಮಾರಿದ್ದನ್ನು, ಅಡಿಕೆಗೆ ಒಳ್ಳೆಯ ದರ ಸಿಕ್ಕ ವರ್ಷ ನೋಡಿ ನಮ್ಮವರು ಕೊಂಡು ತಂದರು. ಅದಕ್ಕೂ ಮೊದಲು ನಮ್ಮ ಸೀಮೆಯಲ್ಲಿ ಕಾರೆಂದರೆ ಪೇಟೆಯ ಬಾಡಿಗೆ ಅಂಬಾಸಿಡರ್, ಇಲ್ಲವೇ ಡಾಕ್ಟರ ಫಿಯೆಟ್. ಹಳ್ಳಿಯೊಳಕ್ಕೆ ಬರುವ ತಾಕತ್ತು ಇದ್ದದ್ದು ಜೀಪಿಗೆ ಮಾತ್ರ. ಮಾರುತಿಯ ಮೊದಲ ಕಾರಿನ ಕೀಲಿಕೈಯನ್ನು ಇಂದಿರಾ ಗಾಂಧಿ ಮಾಲೀಕರ ಕೈಗಿತ್ತದ್ದು 1983ರ ಡಿಸೆಂಬರ್ 14ರಂದು. ಘಟ್ಟದ ಮೇಲಿನ ಮಣ್ಣುರಸ್ತೆಗೆ ಅದು ಇಳಿಯಲು ಮತ್ತೆ ಹತ್ತು ವರ್ಷವೇ ಹಿಡಿಯಿತು. ಅಷ್ಟು ಹೊತ್ತಿಗೆ ಅದು ಹಳೆಯ ಕಾರಾಗಿತ್ತು, ಹಳೆಯ ಕಾರಿಗೆ ಇರಬೇಕಾದ ಎಲ್ಲ ಶಬ್ದಗಳೂ ಅದಕ್ಕಿದ್ದವು.

ಫಿಯೆಟ್, ಅಂಬಾಸಿಡರಿನ ನಾಲ್ಕು ಸಿಲಿಂಡರಿಗೆ ಒಗ್ಗಿದ್ದ ಕಿವಿಗೆ ಈ ಪುಟ್ಟ ಕಾರಿನ ಸಹಜ ಸದ್ದೇ ತಪ್ಪಾಗಿ ಕೇಳಿಸುತ್ತಿತ್ತು. 796 ಸಿಸಿಯ ಆ ಇಂಜಿನ್ನಿಗೆ ಇದ್ದದ್ದು ಮೂರೇ ಸಿಲಿಂಡರ್. ಸ್ಲೋ ಸ್ಪೀಡಿನಲ್ಲಿ ನಿಂತಾಗ ಅದು ತುಸು ಅದುರುತ್ತದೆ, ಸದ್ದಿನಲ್ಲಿ ಒಂದು ಕುಂಟು ಇರುತ್ತದೆ. ಅದು ಆ ಇಂಜಿನ್ನಿನ ಹುಟ್ಟುಗುಣ. ‘ಒಂದು ಪ್ಲಗ್ಗು ಮಿಸ್ಸಿಂಗ್ ಇದೆ’ ಎಂದು ಪ್ಲಗ್ಗು ಬದಲಿಸಿ, ಕಾರ್ಬೊರೇಟರ್ ಬಿಚ್ಚಿ ತೊಳೆದು, ಪಾಯಿಂಟು ಉಜ್ಜಿ, ಮತ್ತೆ ಅದೇ ಸದ್ದು ಕೇಳಿ ಬೇಸತ್ತ ಮಾಲೀಕರು ಆ ಕಾಲದಲ್ಲಿ ಕಡಿಮೆ ಇರಲಿಲ್ಲ. ಯಾವುದು ರೋಗದ ಸದ್ದು, ಯಾವುದು ಆರೋಗ್ಯದ ಸದ್ದು ಎಂಬುದನ್ನು ಮಿಸ್ತ್ರಿಗಳು ಮೊದಲು ತಾವು ಕಲಿತರು, ಆಮೇಲೆ ಮಾಲೀಕರಿಗೆ ಕಲಿಸಿದರು.

ರಸ್ತೆಯ ವಿಷಯ ಹೇಳದೆ ನಮ್ಮ ಕಡೆಯ ಕಾರಿನ ಶಬ್ದದ ವಿಷಯ ಹೇಳಲಾಗದು. ಮುಖ್ಯರಸ್ತೆ ಬಿಟ್ಟು ಊರಿನೊಳಗೆ ಇಳಿಯುವ ದಾರಿಗಳೆಲ್ಲ ಜೀಪು, ಟ್ರ್ಯಾಕ್ಟರು ಮಾಡಿದ ದಾರಿಗಳು. ಮಳೆಗಾಲದಲ್ಲಿ ಅವುಗಳ ಚಕ್ರ ಹೂತು ಎರಡು ಗಾಡಿಜಾಡು ಆಳವಾಗುತ್ತಿದ್ದವು, ನಡುವೆ ಮಣ್ಣಿನ ದಿಬ್ಬ ಉಳಿಯುತ್ತಿತ್ತು. ಆ ದಿಬ್ಬ ಬೇಸಿಗೆಯಲ್ಲಿ ಜಂಬಿಟ್ಟಿಗೆಯಷ್ಟೇ ಗಟ್ಟಿ. ಜೀಪಿನ ಹೊಟ್ಟೆಗೆ ಅದು ತಾಗುವುದಿಲ್ಲ, ಮಾರುತಿಯ ಹೊಟ್ಟೆಗೆ ತಾಗುತ್ತದೆ. ಇಂಜಿನ್ ಆಯಿಲ್ ತುಂಬಿರುವ ಚೇಂಬರ್ ಇರುವುದು ಅಲ್ಲೇ. ಸೈಲೆನ್ಸರ್ ಪೈಪು, ಆಕ್ಸಲ್ ಜಾಯಿಂಟಿನ ರಬ್ಬರ್ ಬೂಟು, ಇಂಜಿನ್ ಮೌಂಟಿಂಗು ಎಲ್ಲವೂ ಅದರ ಆಸುಪಾಸಿನಲ್ಲೇ. ಪಟ್ಟಣದಲ್ಲಿ ಹತ್ತು ವರ್ಷಕ್ಕೆ ಬರುವ ಸದ್ದು ನಮ್ಮಲ್ಲಿ ಎರಡು ಮಳೆಗಾಲಕ್ಕೆ ಬರುತ್ತಿತ್ತು.

ಅದೂ ಮಳೆಗಾಲದಲ್ಲಿ ಗೊತ್ತಾಗುತ್ತಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಕಾರಿನ ಒಳಗೆ ಪಕ್ಕದವರ ಮಾತೇ ಕೇಳಿಸದು, ಇನ್ನು ಬೇರಿಂಗಿನ ಸದ್ದು ಎಲ್ಲಿ ಕೇಳೀತು? ಮಳೆಯಲ್ಲಿ ಕಿವಿಗೆ ಬೀಳುತ್ತಿದ್ದ ಸದ್ದು ಒಂದೇ: ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಫ್ಯಾನ್ ಬೆಲ್ಟು ಒದ್ದೆಯಾಗಿ ಜಾರಿ ಕೀಂಯ್ ಎನ್ನುವುದು. (ಮಾರುತಿಯಲ್ಲಿ ಆ ಬೆಲ್ಟು ಫ್ಯಾನ್ ತಿರುಗಿಸುವುದಿಲ್ಲ, ರೇಡಿಯೇಟರಿನ ಫ್ಯಾನು ಕರೆಂಟಿನದು. ಬೆಲ್ಟು ತಿರುಗಿಸುವುದು ಆಲ್ಟರ್ನೇಟರ್ ಮತ್ತು ನೀರಿನ ಪಂಪನ್ನು. ಆದರೂ ಹಳೆಯ ಕಾರುಗಳ ರೂಢಿಯಿಂದ ಹೆಸರು ಹಾಗೇ ಉಳಿಯಿತು.) ಹೆಡ್‌ಲೈಟು, ವೈಪರು ಎರಡೂ ಹಾಕಿದರೆ ಆಲ್ಟರ್ನೇಟರಿನ ಮೇಲೆ ಭಾರ ಹೆಚ್ಚಿ ಸದ್ದೂ ಹೆಚ್ಚುತ್ತಿತ್ತು. ಉಳಿದ ಸದ್ದುಗಳೆಲ್ಲ ಹೊರಬರುವುದು ನವರಾತ್ರಿಯ ಹೊತ್ತಿಗೆ, ಆಕಾಶ ಬಿಳಿದಾದ ಮೇಲೆ. ಅಕ್ಟೋಬರಿನಲ್ಲಿ ಗ್ಯಾರೇಜುಗಳ ಮುಂದೆ ಸಾಲು ನಿಲ್ಲುತ್ತಿತ್ತು. ಆದರೆ ಅಡಿಕೆ ಕೊಯ್ಲಾಗಿ, ಬೇಯಿಸಿ ಒಣಗಿಸಿ, ಶಿರಸಿಯ ಮಾರುಕಟ್ಟೆಯಲ್ಲಿ ಮಾರಿ ಕೈಗೆ ದುಡ್ಡು ಬರುವುದು ಇನ್ನೂ ಆಚೆಗೆ. ಹಾಗಾಗಿ ‘ಸದ್ಯಕ್ಕೆ ಓಡ್ಲಿ, ಅಡಿಕೆ ಮಾರಿದ ಮೇಲೆ ಇಂಜಿನ್ ಕೆಲಸ ಮಾಡಿಸುವ’ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಎಷ್ಟು ದಿನ ಓಡಬಹುದು ಎಂದು ಹೇಳುವ ಹೊಣೆ ಮಿಸ್ತ್ರಿಯ ಕಿವಿಯ ಮೇಲೆ ಬೀಳುತ್ತಿತ್ತು.

ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಸಿದ್ದಾಪುರದ ಒಬ್ಬ ಮಿಸ್ತ್ರಿಯ ಕೆಲಸವನ್ನು. ಬಂದವರು ‘ಎಂತೋ ಶಬ್ದ ಮಾಡ್ತಾ ಇದ್ದು’ ಎನ್ನುತ್ತಿದ್ದರು. ಮಿಸ್ತ್ರಿ ಬಾನೆಟ್ ತೆಗೆಯುತ್ತಿರಲಿಲ್ಲ. ಎಲ್ಲಿಂದ ಬರುತ್ತದೆ ಎಂದೂ ಕೇಳುತ್ತಿರಲಿಲ್ಲ, ಏಕೆಂದರೆ ಒಳಗೆ ಕೂತವನಿಗೆ ಅದು ತಿಳಿಯುವುದು ಕಷ್ಟ. ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಾಗಲೂ ಬರುತ್ತದೋ, ಓಡುವಾಗ ಮಾತ್ರವೋ? ರೇಸ್ ಮಾಡಿದರೆ ಬೇಗಬೇಗ ಆಗುತ್ತದೋ, ಹಾಗೇ ಇರುತ್ತದೋ? ಕ್ಲಚ್ಚು ಒತ್ತಿದರೆ ನಿಲ್ಲುತ್ತದೋ? ತಿರುವಿನಲ್ಲೋ, ಏರಿನಲ್ಲೋ, ರಿವರ್ಸ್ ಹಾಕಿದಾಗಲೋ? ಪ್ರತಿ ಉತ್ತರಕ್ಕೂ ಅರ್ಧ ಕಾರು ಲೆಕ್ಕದಿಂದ ಕಳೆದುಹೋಗುತ್ತಿತ್ತು.

ನಿಂತಲ್ಲಿಯೇ ಬರುವ ಸದ್ದಾದರೆ ಚಕ್ರ, ಹಬ್ಬು, ಆಕ್ಸಲ್ ಬಿಟ್ಟುಹೋಯಿತು. ಇಂಜಿನ್ ವೇಗಕ್ಕೆ ಸಂಬಂಧವಿಲ್ಲದೆ ಕಾರಿನ ವೇಗಕ್ಕೆ ತಕ್ಕಂತೆ ಏರುವ ಗುಂಯ್ ಎಂಬ ಸದ್ದಾದರೆ ವೀಲ್ ಬೇರಿಂಗ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಎಂದರೆ ಮುಂದಿನ ಆಕ್ಸಲ್ ಜಾಯಿಂಟು. ಅದರ ರಬ್ಬರ್ ಬೂಟು ಹರಿದು ಗ್ರೀಸು ಹೊರಬಂದು ಕೆಂಪು ಮಣ್ಣು ಒಳಗೆ ಹೋಗಿರುತ್ತದೆ. ಕ್ಲಚ್ಚು ಒತ್ತಿದಾಗ ಹುಟ್ಟುವ ಸದ್ದು ರಿಲೀಸ್ ಬೇರಿಂಗಿನದು, ಒತ್ತಿದಾಗ ಅಡಗುವ ಸದ್ದು ಗೇರ್‌ಬಾಕ್ಸಿನ ಬೇರಿಂಗಿನದು. ಗಾಡಿ ಹೊರಡುವಾಗಲೂ ರಿವರ್ಸ್ ಹಾಕುವಾಗಲೂ ಒಂದೇ ಒಂದು ಏಟು ಢಬ್ ಎಂದರೆ ಮೌಂಟಿಂಗು ಹರಿದಿದೆ. ಡಿಸೆಂಬರಿನ ಚಳಿಯ ಬೆಳಿಗ್ಗೆ ಬಂದು ನಾಲ್ಕು ಮೈಲಿ ಓಡಿ ಬಿಸಿಯಾದ ಮೇಲೆ ಮಾಯವಾಗುವ ಟೊಕಟೊಕ ಸಾಮಾನ್ಯವಾಗಿ ಸವೆದ ಪಿಸ್ಟನ್ನಿನದು. ಲೋಹ ಬಿಸಿಗೆ ಹಿಗ್ಗಿ ಸಂದು ತುಂಬಿಕೊಳ್ಳುತ್ತದೆ. ಇಂಥದಕ್ಕೆ ಅವರು ‘ಓಡಿಸಿ, ಆಯಿಲ್ ನೋಡ್ತಾ ಇರಿ’ ಎಂದು ಕಳಿಸುತ್ತಿದ್ದರು. ಹಣ ಪಡೆಯುತ್ತಿರಲಿಲ್ಲ.

ಪ್ರಶ್ನೆ ಮುಗಿದ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಬರುತ್ತಿತ್ತು. ಓಡುತ್ತಿರುವ ಇಂಜಿನ್ನಿಗೆ ಅದರ ತುದಿ ಊರಿ, ಮರದ ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೆ ಒತ್ತಿ ಹಿಡಿಯುವುದು. ಗಾಳಿಯಲ್ಲಿ ಬರುವ ಹತ್ತು ಸದ್ದುಗಳ ಗದ್ದಲ ಕಡಿಮೆಯಾಗಿ, ತುದಿ ಮುಟ್ಟಿದ ಜಾಗದ ಸದ್ದೊಂದೇ ಲೋಹದ ಮೂಲಕ ನೇರ ಬರುತ್ತದೆ. ಆಲ್ಟರ್ನೇಟರಿನ ಮೈ, ನೀರಿನ ಪಂಪು, ವಾಲ್ವ್ ಕವರು, ಬ್ಲಾಕಿನ ಕೆಳಭಾಗ, ಹೀಗೆ ಒಂದೊಂದೇ ಜಾಗ. ಗಾಳಿ ಸೋರುವ ಸದ್ದಿಗೆ ಇದು ಆಗದು. ಅದಕ್ಕೆ ಒಂದು ತುಂಡು ರಬ್ಬರ್ ಪೈಪು, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮ್ಯಾನಿಫೋಲ್ಡಿನ ಸುತ್ತ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೆ ಬರುವ ಸದ್ದು ವಾಲ್ವಿನ ಟಪ್ಪೆಟ್ ಸದ್ದನ್ನು ಬಹಳ ಹೋಲುತ್ತದೆ. ಸೈಲೆನ್ಸರಿನ ಬಾಯಿಗೆ ಹಳೆಯ ಬಟ್ಟೆ ಒತ್ತಿ ಹಿಡಿದು ಕ್ಷಣ ಕಾದರೆ ಸೋರುವ ಕಡೆ ಫುಸಫುಸ ಜೋರಾಗುತ್ತದೆ, ಟಪ್ಪೆಟ್ಟಾದರೆ ಬದಲಾಗುವುದಿಲ್ಲ.

ಟಪ್ಪೆಟ್ಟೋ ಬೇರಿಂಗೋ ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಏಕೆಂದರೆ ಒಂದರ ಖರ್ಚು ಅರ್ಧ ದಿನದ ಕೂಲಿ, ಇನ್ನೊಂದರದು ಒಂದು ವರ್ಷದ ಉಳಿತಾಯ. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಹಾಗಾಗಿ ಸಡಿಲವಾದ ಒಂದು ಟಪ್ಪೆಟ್ಟು ಕ್ರ್ಯಾಂಕಿನ ಎರಡು ಸುತ್ತಿಗೆ ಒಮ್ಮೆ ಮಾತ್ರ ಟಿಕ್ ಎನ್ನುತ್ತದೆ: ಮೇಲಿನಿಂದ, ಹಗುರವಾಗಿ, ಬಿಡಿಬಿಡಿಯಾಗಿ. ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗು ಸವೆದಿದ್ದರೆ ಏಟು ಕ್ರ್ಯಾಂಕಿನ ವೇಗದಲ್ಲೇ ಬೀಳುತ್ತದೆ: ಕೆಳಗಿನಿಂದ, ದಪ್ಪಗೆ, ಆಕ್ಸಲರೇಟರ್ ಕೊಟ್ಟು ಬಿಡುವಾಗ ಹೆಚ್ಚು ಸ್ಪಷ್ಟವಾಗಿ. ಬಾಯಲ್ಲಿ ಹೇಳುವಾಗ ಇದು ಸುಲಭ. ಇಂಜಿನ್ನಿನ ಮುಂದೆ ನಿಂತು ಅರ್ಧ ವೇಗವೋ ಪೂರ್ಣ ವೇಗವೋ ಎಂದು ಹಿಡಿಯಲು ವರ್ಷಗಳ ರೂಢಿ ಬೇಕು. ಟಪ್ಪೆಟ್ಟಾದರೆ ವಾಲ್ವ್ ಕವರ್ ಬಿಚ್ಚಿ, ತೆಳ್ಳನೆಯ ಗೇಜಿನ ಎಲೆ ಸಂದಿನೊಳಗೆ ತೂರಿಸಿ, ಎಳೆದಾಗ ತುಸು ಹಿಡಿದು ಬರುವಷ್ಟಕ್ಕೆ ಸ್ಕ್ರೂ ಬಿಗಿ ಮಾಡುವುದು. ಸದ್ದು ಪೂರ್ತಿ ಹೋಗಬೇಕೆಂದು ಹಟ ಹಿಡಿಯುವ ಮಾಲೀಕರಿಗೆ ಅವರು ಮಣಿಯುತ್ತಿರಲಿಲ್ಲ. ಅತಿ ಬಿಗಿಯಾದ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸ್ವಲ್ಪ ಟಿಕ್‌ಟಿಕ್ ಇರುವ ಟಪ್ಪೆಟ್ಟು, ಸದ್ದೇ ಇಲ್ಲದ ಟಪ್ಪೆಟ್ಟಿಗಿಂತ ಕ್ಷೇಮ. ಇದು ಇವತ್ತಿಗೂ ಸತ್ಯ.

ಓಡುವಾಗ ಮಾತ್ರ ಬರುವ ಸದ್ದಿಗೆ ಓಡಿಸಿಯೇ ನೋಡಬೇಕು. ಅದಕ್ಕೆ ನಮ್ಮ ಕಡೆ ಒಂದು ಅನುಕೂಲ ಇತ್ತು. ಗುಡ್ಡ ಕಡಿದು ಮಾಡಿದ ರಸ್ತೆಯ ಎರಡೂ ಬದಿಗೆ ಧರೆ ಇರುವ ಕಡೆ ಕಿಟಕಿ ಇಳಿಸಿ ನಿಧಾನ ಓಡಿಸಿದರೆ ಚಕ್ರದ ಬದಿಯ ಸದ್ದು ಧರೆಗೆ ಬಡಿದು ಮರಳಿ ಕಿವಿಗೆ ಬರುತ್ತದೆ. ಎಡಕ್ಕೆ ಮಾತ್ರ ಧರೆ ಇದ್ದು ಬಲಕ್ಕೆ ಕಣಿವೆ ಇದ್ದರೆ ಎಡಚಕ್ರದ ಸದ್ದಷ್ಟೇ ಕೇಳಿಸುತ್ತದೆ. ಮರಳಿ ಬರುವಾಗ ಬಲಚಕ್ರದ್ದು. ದೇವಿಮನೆ ಘಟ್ಟದಲ್ಲೂ ಅರಬೈಲ್ ಘಟ್ಟದಲ್ಲೂ ಇಂಥ ಜಾಗಗಳು ಬೇಕಾದಷ್ಟಿದ್ದವು. ಡಾಂಬರು ಕಿತ್ತ ಇಕ್ಕಟ್ಟಿನ ರಸ್ತೆ, ಎದುರು ಬರುವ ಲಾರಿಗೆ ದಾರಿ ಕೊಡಲು ಧರೆಗೆ ಒತ್ತಿ ನಿಲ್ಲಬೇಕಾದ ತಿರುವು, ಎಲ್ಲ ಇದ್ದರೂ ಕೇಳುವುದಕ್ಕೆ ಅದು ಒಳ್ಳೆಯ ರಸ್ತೆಯಾಗಿತ್ತು. ಶಿರಸಿ–ಕುಮಟಾ ದಾರಿ ಈಗ ರಾಷ್ಟ್ರೀಯ ಹೆದ್ದಾರಿ 766ಇ. ಧರೆ ಕಡಿದು ಅಗಲ ಮಾಡಿದ ಕಡೆ ಕಾರಿನ ಸದ್ದು ಮರಳಿ ಬರುವುದಿಲ್ಲ. ಹೆರಿಗೆಗೂ ಅಪಘಾತಕ್ಕೂ ಘಟ್ಟ ಇಳಿಯಬೇಕಾದವರ ಕಷ್ಟ ನೋಡಿದವನಿಗೆ ಅದರ ಬಗ್ಗೆ ದುಃಖವಿಲ್ಲ. ಮಳೆಗೆ ಗುಡ್ಡ ಜರಿಯದಂತೆ ಕಡಿದಿದ್ದರೆ ಸಾಕಿತ್ತು.

ಘಟ್ಟ ಹತ್ತುವಾಗ ಬರುವ ಒಂದು ಸದ್ದು ಆ ಕಾಲದ್ದೇ. ಯಲ್ಲಾಪುರ–ಅಂಕೋಲಾ ದಾರಿ ಆಗ ಹೆದ್ದಾರಿ 63, ಈಗ 52. ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ಹೊತ್ತು ಬಂದರಿಗೆ ಇಳಿಯುವ, ಖಾಲಿಯಾಗಿ ಹತ್ತುವ ಲಾರಿಗಳ ಹಿಂದೆ ಅರಬೈಲಿನಲ್ಲಿ ಎರಡನೇ ಗೇರಿನಲ್ಲಿ ತೆವಳಬೇಕಿತ್ತು. ಲಾರಿ ತುಸು ಮುಂದೆ ಹೋಯಿತೆಂದು ಮೂರನೇ ಗೇರ್ ಹಾಕಿ ಒತ್ತಿದರೆ ಇಂಜಿನ್ನಿನೊಳಗಿಂದ ತಗಡಿನ ಡಬ್ಬದಲ್ಲಿ ಒಣ ಅಡಿಕೆ ಅಲ್ಲಾಡಿಸಿದಂಥ ಸದ್ದು. ನಾಕಿಂಗ್ ಎನ್ನುವುದು ಇದನ್ನೇ. ಪೆಟ್ರೋಲು ಹೊತ್ತಿಕೊಳ್ಳಬೇಕಾದ ರೀತಿಯಲ್ಲಿ ಹೊತ್ತಿಕೊಳ್ಳದೆ, ಒಮ್ಮೆಲೇ ಸಿಡಿದು ಪಿಸ್ಟನ್ ತಲೆಗೆ ಬಡಿಯುವ ಸದ್ದು ಅದು. ಆಗಿನ ಮಾಮೂಲಿ ಪೆಟ್ರೋಲಿನ ಆಕ್ಟೇನ್ 87ರ ಆಸುಪಾಸು. ಅದಕ್ಕೆ ಸೀಮೆಎಣ್ಣೆ ಬೆರೆಸಿದ್ದರೆ ಇನ್ನೂ ಕೆಳಗೆ. ಯಾವ ಬಂಕಿನ ಪೆಟ್ರೋಲು ಹಾಕಿದರೆ ಘಟ್ಟದಲ್ಲಿ ಸದ್ದು ಬರುತ್ತದೆ ಎಂಬುದು ಡ್ರೈವರುಗಳಿಗೆ ಬಾಯಿಪಾಠ. ಮಿಸ್ತ್ರಿಗಳು ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, ಏರು ಹತ್ತಿಸಿ ನೋಡಿ, ಮತ್ತೆ ತಿರುಗಿಸಿ ಟೈಮಿಂಗ್ ಹೊಂದಿಸುತ್ತಿದ್ದರು. ಏರಿನಲ್ಲಿ ಒತ್ತಿದಾಗ ಎರಡು ಕ್ಷಣ ಕೇಳಿಸಿ ಅಡಗಬೇಕು, ಅದು ಹದ. ಹೆಚ್ಚು ಹಿಂದಕ್ಕೆ ಹೋದರೆ ಸದ್ದು ಹೋಗುತ್ತದೆ, ಅದರ ಜೊತೆ ಪಿಕಪ್ಪೂ ಹೋಗುತ್ತದೆ. ಇವತ್ತಿನ ಪೆಟ್ರೋಲಿಗೆ ಆಕ್ಟೇನ್ ಹೆಚ್ಚು. ಆ ಸದ್ದು ಅರಬೈಲಿನಲ್ಲಿ ಈಗ ಅಪರೂಪ. ಹೊಸ ಕಾಲ ಖಂಡಿತವಾಗಿ ಸುಧಾರಿಸಿದ ಸಂಗತಿಗಳಲ್ಲಿ ಇದೊಂದು.

ನಾನು ಕಣ್ಣಾರೆ ಕಂಡ ಕೆಲಸಗಳಲ್ಲಿ ಮನಸ್ಸಿನಲ್ಲಿ ಉಳಿದದ್ದು ನಮ್ಮ ಊರಿನವರೊಬ್ಬರ ಕಾರಿನದು. ಹೆಗ್ಗರಣೆ ಕಡೆಯ ದಾರಿಯಲ್ಲಿ ಚೇಂಬರಿಗೆ ಕಲ್ಲು ತಾಗಿ ಆಯಿಲ್ ಸೋರಿತ್ತು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿದಾಗ ಡ್ರೈವರು ‘ಸ್ವಿಚ್ಚು ಹಾಳಾಗಿದೆ’ ಎಂದುಕೊಂಡ. ಹಳೆಯ ಕಾರುಗಳಲ್ಲಿ ಆ ಸ್ವಿಚ್ಚು ಹಾಳಾಗುವುದೂ ಇತ್ತು, ಅವನ ಎಣಿಕೆ ಪೂರ್ತಿ ಆಧಾರವಿಲ್ಲದ್ದಲ್ಲ. ಸಿದ್ದಾಪುರ ಮುಟ್ಟುವ ಹೊತ್ತಿಗೆ ಒಳಗಿಂದ ದಪ್ಪ ಏಟು ಕೇಳಿಸುತ್ತಿತ್ತು. ಮಿಸ್ತ್ರಿ ಮೊದಲು ಚೇಂಬರಿಗೆ ಸೋಪು ಮೆತ್ತಿ ಸೋರುವುದನ್ನು ನಿಲ್ಲಿಸಿ ಆಯಿಲ್ ತುಂಬಿದರು. ಸದ್ದು ಕಡಿಮೆಯಾಯಿತು, ಹೋಗಲಿಲ್ಲ. ಸ್ಲೋ ಸ್ಪೀಡಿನಲ್ಲಿ ಬಿಟ್ಟು, ಒಣ ಬಟ್ಟೆ ಸುತ್ತಿದ ಕೈಯಲ್ಲಿ ಮೊದಲ ಪ್ಲಗ್ಗಿನ ವಯರು ಎಳೆದರು. ಇಂಜಿನ್ ಎರಡೇ ಸಿಲಿಂಡರಿನಲ್ಲಿ ನಡುಗುತ್ತ ನಿಂತಿತು, ಏಟು ಹಾಗೇ ಇತ್ತು. ವಯರು ಹಾಕಿ ಎರಡನೆಯದನ್ನು ಎಳೆದರು. ಏಟು ಮೆತ್ತಗಾಯಿತು. ಮತ್ತೆ ಹಾಕಿದರು, ಏಟು ಬಂತು. ಎಳೆದರು, ಅಡಗಿತು. ಆ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯದೆ ಇದ್ದಾಗ ರಾಡಿನ ಮೇಲೆ ಒತ್ತಡ ಬೀಳುವುದಿಲ್ಲ, ಸಡಿಲ ಬೇರಿಂಗಿಗೆ ಬಡಿಯುವ ಬಲ ಇರುವುದಿಲ್ಲ. ‘ಎರಡನೆಯ ಬಿಗ್ ಎಂಡ್’ ಎಂದು ಕೈ ಒರೆಸಿಕೊಂಡರು.

ಚೇಂಬರ್ ಬಿಚ್ಚಿ ರಾಡಿನ ಕ್ಯಾಪು ತೆಗೆದಾಗ ಬೇರಿಂಗಿನ ಅರ್ಧಚಂದ್ರದ ಚಿಪ್ಪು ಗೀರುಬಿದ್ದು ಅಂಚಿನಲ್ಲಿ ಕರಗಿತ್ತು. ಕ್ರ್ಯಾಂಕಿನ ನುಣುಪು ಮೈಗೆ ಉಗುರು ಎಳೆದರೆ ಗೀರು ತಾಗುತ್ತಿತ್ತು. ಉಗುರಿಗೆ ತಾಗುವ ಗೀರಾದರೆ ಗ್ರೈಂಡಿಂಗ್ ಮಾಡಿಸಲೇಬೇಕು. ಕ್ರ್ಯಾಂಕನ್ನು ಗೋಣಿಯಲ್ಲಿ ಸುತ್ತಿ ಹುಬ್ಬಳ್ಳಿಗೆ ಬಸ್ಸಿನಲ್ಲಿ ಕಳಿಸಿದರು. ಅಲ್ಲಿ ಅರೆದು, ಆ ಅಳತೆಗೆ ಸರಿಯಾದ ಅಂಡರ್‌ಸೈಜ್ ಬೇರಿಂಗು ತರಿಸಿ, ಕೂಡಿಸಿ ಸ್ಟಾರ್ಟ್ ಮಾಡುವವರೆಗೆ ಮನೆಯವರು ಬಸ್ಸಿಗೆ ಕಾದರು. ಆ ವರ್ಷದ ಅಡಿಕೆಯ ದೊಡ್ಡ ಪಾಲು ಅದಕ್ಕೇ ಹೋಯಿತು.

ಆ ಮಿಸ್ತ್ರಿಯ ಕಿವಿಯನ್ನು ನಾನು ಮೆಚ್ಚುತ್ತೇನೆ. ಆದರೆ ಆ ಕಾಲದ ಎಲ್ಲ ಕಿವಿಗಳೂ ಹಾಗಿದ್ದವು ಎಂದರೆ ಸುಳ್ಳಾಗುತ್ತದೆ. ಇಂಜಿನ್ನಿನ ಬ್ಲಾಕು ಸದ್ದನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತದೆ. ಆಲ್ಟರ್ನೇಟರಿನ ಬ್ರಾಕೆಟ್ಟಿನ ಬೋಲ್ಟು ಸಡಿಲವಾದರೂ ಕೆಳಗಿನ ಬೇರಿಂಗಿನಂತೆಯೇ ಬಡಿಯುತ್ತದೆ. ಅದನ್ನು ನೋಡದೆ ‘ಹಾಫ್ ಇಂಜಿನ್ ಕೆಲಸ ಇದೆ’ ಎಂದು ಹೆಡ್ ಇಳಿಸಿ, ಚೆನ್ನಾಗಿದ್ದ ರಿಂಗು ಬೇರಿಂಗು ಬದಲಿಸಿ, ಕೊನೆಗೆ ಕೂಡಿಸುವಾಗ ಬ್ರಾಕೆಟ್ಟು ಬಿಗಿಯಾಗಿ ಸದ್ದು ಹೋದದ್ದನ್ನು ತಮ್ಮ ಕೆಲಸದ ಫಲವೆಂದು ತಿಳಿದವರೂ ಇದ್ದರು. ಒಮ್ಮೆ ಬಿಚ್ಚಿದ ಇಂಜಿನ್ನು ಮೊದಲಿನಂತೆ ಕೂಡುವುದಿಲ್ಲ ಎಂಬ ಭಯ ಜನರಲ್ಲಿ ಹುಟ್ಟಿದ್ದು ಇಂಥವುಗಳಿಂದಲೇ. ಟಾರ್ಕ್ ರೆಂಚು ಇಲ್ಲದೆ ಕೈಯಂದಾಜಿನಲ್ಲಿ ಹೆಡ್ ಬೋಲ್ಟು ಬಿಗಿದ ಗ್ಯಾರೇಜುಗಳನ್ನು ನಾನು ಶಿರಸಿಯಲ್ಲೂ ಯಲ್ಲಾಪುರದಲ್ಲೂ ನೋಡಿದ್ದೇನೆ. ಯಲ್ಲಾಪುರದಲ್ಲಿ ಮಿಸ್ತ್ರಿಗಳ ಕೈ ಲಾರಿಗೆ ಪಳಗಿದ್ದು, ಡೀಸೆಲ್ ಇಂಜಿನ್ನಿನ ಒರಟು ಬಡಿತದಲ್ಲಿ ದಿನವಿಡೀ ಇದ್ದ ಕಿವಿಗೆ ಸಣ್ಣ ಪೆಟ್ರೋಲ್ ಕಾರಿನ ದೂರು ದೂರೇ ಅನಿಸುತ್ತಿರಲಿಲ್ಲ.

ಆ ಕಿವಿ ತಯಾರಾಗುತ್ತಿದ್ದ ರೀತಿಯೂ ಹೊಗಳುವಂಥದ್ದಲ್ಲ. ಶಾಲೆ ಬಿಟ್ಟ ಹನ್ನೊಂದು ಹನ್ನೆರಡರ ಹುಡುಗರು ಸೀಮೆಎಣ್ಣೆಯ ಬೇಸಿನ್ನಿನಲ್ಲಿ ನಟ್ಟು ಬೋಲ್ಟು ತೊಳೆಯುತ್ತ, ಹತ್ತು-ಹನ್ನೊಂದರ ಪಾನಾ ಕೇಳಿದಾಗ ಹನ್ನೆರಡು-ಹದಿಮೂರರದ್ದು ಕೊಟ್ಟು ಏಟು ತಿನ್ನುತ್ತ ಕಲಿಯುತ್ತಿದ್ದರು. ಅಂಗೈ ಬಿರುಕಿನ ಕಪ್ಪು ಯಾವ ಸೋಪಿಗೂ ಹೋಗುತ್ತಿರಲಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದನ್ನು; ಗದ್ದಲದಲ್ಲಿ ಬದುಕಿದವರಿಗೆ ಅದು ಇನ್ನೂ ಬೇಗ. ಐವತ್ತು ದಾಟಿದ ಮಿಸ್ತ್ರಿಗೆ ಬಿಗ್ ಎಂಡಿನ ಏಟು ಕೇಳಿಸುತ್ತಿತ್ತು, ಪಂಪಿನ ಬೇರಿಂಗಿನ ಸಣ್ಣ ಕುಂಯ್ ಕೇಳಿಸುತ್ತಿರಲಿಲ್ಲ. ಅದಕ್ಕೆ ಹುಡುಗನನ್ನು ಕರೆದು ‘ನೀ ಕೇಳು’ ಎನ್ನುತ್ತಿದ್ದರು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಿಂದ ಹದಿನಾಲ್ಕಕ್ಕಿಂತ ಕೆಳಗಿನವರನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧ. ಆ ಬೇಸಿನ್ನಿನ ಮುಂದೆ ಈಗ ಮಕ್ಕಳಿಲ್ಲ, ಅದು ಹಾಗೆಯೇ ಇರಬೇಕು. ಕಿವಿಯ ವಿದ್ಯೆ ಉಳಿಯುವುದಾದರೆ ಐಟಿಐಯಲ್ಲಿ, ಸಂಬಳ ಪಡೆಯುವ ದೊಡ್ಡವರ ಕೈಯಲ್ಲಿ ಉಳಿಯಲಿ.

ಬದಲಾವಣೆಯ ಮೊದಲ ಸೂಚನೆ ಮಾರುತಿಯೊಳಗೇ ಇತ್ತು. ಫಿಯೆಟ್ಟಿನ ಟೈಮಿಂಗ್ ಚೈನು ಸಡಿಲವಾದಾಗ ಮುಂಭಾಗದಿಂದ ಜರಜರ ಸದ್ದು ಕೊಟ್ಟು ಬಹಳ ಮೊದಲೇ ಎಚ್ಚರಿಸುತ್ತಿತ್ತು. ಮಾರುತಿಯಲ್ಲಿ ಆ ಜಾಗಕ್ಕೆ ರಬ್ಬರ್ ಬೆಲ್ಟು ಬಂತು. ಅದು ಸದ್ದಿಲ್ಲದೆ ಸವೆದು, ಒಂದು ದಿನ ತುಂಡಾಗಿ, ಕಾರು ನಿಲ್ಲುತ್ತದೆ. ಕಿವಿಗೆ ಸಿಗದ, ಕಿಲೋಮೀಟರು ಲೆಕ್ಕ ಇಟ್ಟೇ ಬದಲಿಸಬೇಕಾದ ಭಾಗ. 2000ದ ಹೊತ್ತಿಗೆ ಕಾರ್ಬೊರೇಟರ್ ಹೋಗಿ ಪೆಟ್ರೋಲು ಚಿಮುಕಿಸುವ ಎಂಪಿಎಫ್‌ಐ ಬಂತು. 2010ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಓಬಿಡಿ ಎಂಬ ಸ್ವಯಂತಪಾಸಣೆ ಕಡ್ಡಾಯವಾಯಿತು, 2013ರಿಂದ ಅದರ ಎರಡನೆಯ ಹಂತ. 2014ರ ಜನವರಿಯಲ್ಲಿ ಮಾರುತಿ 800ರ ತಯಾರಿಕೆಯೇ ನಿಂತಿತು. ಪ್ಲಗ್ಗಿನ ವಯರು ಎಳೆದು ನೋಡುವ ಆ ಪರೀಕ್ಷೆಯೂ ಈಗ ಸಲ್ಲದು. ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ, ಇಗ್ನಿಷನ್ ಕಾಯಿಲೂ ಹಾಳಾಗಬಹುದು.

ಸ್ಕ್ಯಾನರು ಬಂದದ್ದು ಒಳ್ಳೆಯದೇ ಆಯಿತು. ಮಿಸ್ಸಿಂಗ್ ಯಾವ ಸಿಲಿಂಡರಿನಲ್ಲಿ ಎಂದು ಅದು ಕ್ರ್ಯಾಂಕಿನ ವೇಗದ ಏರಿಳಿತದಿಂದ ಲೆಕ್ಕ ಹಾಕಿ ಹೇಳುತ್ತದೆ. ಇಲಿ ಕಡಿದ ವಯರು ಯಾವ ಸೆನ್ಸರಿನದ್ದು ಎಂಬುದನ್ನೂ ಹೇಳುತ್ತದೆ; ಮಳೆಗಾಲದಲ್ಲಿ ಬಿಸಿ ಇಂಜಿನ್ನಿನ ಮೇಲೆ ಇಲಿ ಗೂಡು ಕಟ್ಟುವ ನಮ್ಮ ಕಡೆ ಇದು ಸಣ್ಣ ಉಪಕಾರವಲ್ಲ. ಈಗಿನ ಬಹುತೇಕ ಪೆಟ್ರೋಲ್ ಇಂಜಿನ್ನಿಗೆ ತನ್ನದೇ ಒಂದು ಕಿವಿಯೂ ಇದೆ. ಬ್ಲಾಕಿಗೆ ಬಿಗಿದ ನಾಕ್ ಸೆನ್ಸರು ನಾಕಿಂಗಿನ ಕಂಪನವನ್ನು ಹಿಡಿದು, ಮಿಸ್ತ್ರಿ ಡಿಸ್ಟ್ರಿಬ್ಯೂಟರ್ ತಿರುಗಿಸಿ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನಿಂದ ಕ್ಷಣಾರ್ಧದಲ್ಲಿ ಮಾಡಿಸುತ್ತದೆ. ಆದರೆ ಸ್ಕ್ಯಾನರಿಗೆ ಗೊತ್ತಾಗುವುದು ವಯರು ಎಳೆದಿರುವ ಕಡೆಯ ಸುದ್ದಿ ಮಾತ್ರ. ಆಕ್ಸಲ್ ಜಾಯಿಂಟಿಗೆ ಸೆನ್ಸರಿಲ್ಲ, ಮೌಂಟಿಂಗಿಗೆ ಇಲ್ಲ, ಬೆಲ್ಟಿನ ಪುಲ್ಲಿಗೆ ಇಲ್ಲ, ತುಕ್ಕು ಹಿಡಿದ ಸೈಲೆನ್ಸರಿಗೆ ಇಲ್ಲ. ಹಳೆಯ ಕಾರಿನ ಸದ್ದುಗಳಲ್ಲಿ ಹೆಚ್ಚಿನವು ಬರುವುದು ಅಲ್ಲಿಂದಲೇ.

ನಮ್ಮ ಮನೆಯ ಈಗಿನ ಹಳೆಯ ಕಾರು ಒಂದು ಆಲ್ಟೊ. ಅದಕ್ಕೆ ಒಮ್ಮೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗರಗರ ಸದ್ದು ಶುರುವಾಯಿತು. ಒಂದು ಕಡೆ ಸ್ಕ್ಯಾನರ್ ಚುಚ್ಚಿ ‘ಎರರ್ ಇಲ್ಲ, ಆಲ್ಟರ್ನೇಟರ್ ಅಸೆಂಬ್ಲಿ ಬದಲಿಸಿ ನೋಡೋಣ’ ಎಂದರು. ಬದಲಿಸಿ ನೋಡುವುದು ಎಂಬ ಈ ಪದ್ಧತಿಗೆ ನನ್ನ ವಿರೋಧವಿದೆ. ನೋಡುವ ಖರ್ಚು ಪೂರ್ತಿ ಗಿರಾಕಿಯದ್ದು. ಶಿರಸಿಯ ಇನ್ನೊಬ್ಬ ಮಿಸ್ತ್ರಿ, ಮೂವತ್ತರ ಆಸುಪಾಸಿನವರು, ಒಂದೇ ಪ್ರಶ್ನೆ ಕೇಳಿದರು: ಎಸಿ ಹಾಕಿದರೆ ಏನಾಗುತ್ತದೆ? ಹಾಕಿ ನೋಡಿದರೆ ಸದ್ದು ನಿಂತಿತು. ಆರಿಸಿದರೆ ಮತ್ತೆ ಬಂತು. ಎಸಿ ಆರಿಸಿದ್ದಾಗ ಕಂಪ್ರೆಸರಿನ ಪುಲ್ಲಿ ತನ್ನ ಬೇರಿಂಗಿನ ಮೇಲೆ ಬಿಡುವಾಗಿ ತಿರುಗುತ್ತಿರುತ್ತದೆ. ಎಸಿ ಹಾಕಿದಾಗ ಮ್ಯಾಗ್ನೆಟ್ಟಿನ ಕ್ಲಚ್ಚು ಹಿಡಿದು ಪುಲ್ಲಿ ಮತ್ತು ಒಳಗಿನ ದಂಡ ಒಟ್ಟಿಗೆ ತಿರುಗುತ್ತವೆ. ಆಗ ಕಂಪ್ರೆಸರಿನ ಭಾರ ಬಿದ್ದು ಸಡಿಲ ಬೇರಿಂಗಿನ ಗರಗರ ಅಡಗುತ್ತದೆ. ಪುಲ್ಲಿಯ ಬೇರಿಂಗು ಒಂದನ್ನೇ ಒತ್ತಿ ಹೊರತೆಗೆದು ಹೊಸದು ಹಾಕಿದರು. ಅವರ ಬಳಿ ಸ್ಕ್ಯಾನರೂ ಇತ್ತು, ಕಿವಿಗೆ ಹಾಕುವ ಮೆಕ್ಯಾನಿಕ್ ಸ್ಟೆತಾಸ್ಕೋಪೂ ಇತ್ತು. ಬೇಕಾದದ್ದನ್ನು ಬೇಕಾದಾಗ ತೆಗೆಯುತ್ತಿದ್ದರು.

ಈಗ ಬಹಳ ಮಂದಿ ಸದ್ದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಬೆಂಗಳೂರಿನಿಂದ ಊರಿಗೆ ಬರುವಾಗ ದಾರಿಯಲ್ಲೇ ಕಳಿಸಿ ‘ಮುಂದೆ ಹೋಗಬಹುದಾ’ ಎಂದು ಕೇಳುವವರಿದ್ದಾರೆ. ಅದರಿಂದ ಉಪಯೋಗ ಇಲ್ಲದಿಲ್ಲ. ಆದರೆ ಮೊಬೈಲು ಮನುಷ್ಯರ ಮಾತು ಹಿಡಿಯಲು ಮಾಡಿದ ಯಂತ್ರ. ಕೆಳಸ್ಥಾಯಿಯ ದಪ್ಪ ಏಟನ್ನು ಅದು ಸಣ್ಣದು ಮಾಡುತ್ತದೆ, ಬೆಲ್ಟಿನ ಕೀರಲನ್ನು ದೊಡ್ಡದು ಮಾಡುತ್ತದೆ, ಗದ್ದಲವೆಂದು ತಿಳಿದು ಕೆಲವನ್ನು ಅಳಿಸಿಯೇ ಹಾಕುತ್ತದೆ. ಅಪಾಯದ ಸದ್ದು ಸಣ್ಣದಾಗಿ, ನಿರುಪದ್ರವಿ ಸದ್ದು ದೊಡ್ಡದಾಗಿ ಮಿಸ್ತ್ರಿಗೆ ತಲುಪುತ್ತದೆ. ಬರೀ ಸದ್ದು ಕಳಿಸಿದರೆ ಸಾಲದು, ಯಾವಾಗ ಬರುತ್ತದೆ ಎಂಬ ಎರಡು ಸಾಲನ್ನೂ ಬರೆದು ಕಳಿಸಬೇಕು.

ಹಳೆಯ 800ಗಳು ನಮ್ಮ ರಸ್ತೆಯಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಕಾಣುತ್ತವೆ, ಕೆಎ 31ರ ನಂಬರಿನವು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5000ಕ್ಕೆ ಏರಿತು. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು ಈಗ ಎಲ್ಲ ಕಡೆ. ಕಾರ್ಬೊರೇಟರ್ ಕಾಲದ ಕಾರಿನ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮು ಎಥೆನಾಲಿಗೆಂದು ಮಾಡಿದವಲ್ಲ; ಗಟ್ಟಿಯಾಗಿ ಬಿರುಕು ಬಿಡುತ್ತವೆ. ಎಥೆನಾಲು ತೇವವನ್ನು ಎಳೆದುಕೊಳ್ಳುವ ವಸ್ತು, ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಕಾರಿಗೆ ಅದು ಒಳ್ಳೆಯದಲ್ಲ. ಇಟ್ಟುಕೊಂಡವರು ರಬ್ಬರ್ ಪೈಪುಗಳನ್ನು ಬದಲಿಸಿ, ವಾರಕ್ಕೊಮ್ಮೆ ಓಡಿಸಿ. ಪೆಟ್ರೋಲಿನ ವಾಸನೆ ಬಂದರೆ ಸದ್ದಿಗೆ ಕಾಯಬೇಡಿ.

ಓದುವವರಲ್ಲಿ ಹಳೆಯ ಸಣ್ಣ ಕಾರು ಇರುವವರಿಗೆ ನನ್ನದೊಂದು ಕೋರಿಕೆ. ತಿಂಗಳಿಗೊಮ್ಮೆ ಹಾಡು ಆರಿಸಿ, ಕಿಟಕಿ ಇಳಿಸಿ, ಗೋಡೆಯ ಪಕ್ಕ ನಿಧಾನ ಓಡಿಸಿ. ಹೊಸ ಸದ್ದು ಕೇಳಿದರೆ ತಣ್ಣಗೋ ಬಿಸಿಯೋ, ಯಾವ ಗೇರು, ಕ್ಲಚ್ಚು ಒತ್ತಿದಾಗ ಏನು, ಎಸಿ ಹಾಕಿದಾಗ ಏನು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮಿಸ್ತ್ರಿಗೆ ಕೊಡಿ. ಬೇರಿಂಗು ಹೋಗಿದೆ, ಟಪ್ಪೆಟ್ಟು ಹೋಗಿದೆ ಎಂಬ ತೀರ್ಪನ್ನು ಅವರಿಗೆ ಬಿಡಿ. ಟಿಕ್‌ಟಿಕ್ಕಿಗೆ ಗಾಬರಿ ಬೇಡ, ಅದು ವಾರ ಕಾದೀತು. ಆದರೆ ಕೆಂಪು ಆಯಿಲ್ ದೀಪ ಹತ್ತಿ ಕೆಳಗಿನಿಂದ ದಪ್ಪ ಏಟು ಕೇಳಿದರೆ, ಮುಂದಿನ ಊರು ಎರಡೇ ಕಿಲೋಮೀಟರು ಇದ್ದರೂ, ಅಲ್ಲೇ ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿ, ಎಳೆದೊಯ್ಯುವ ಗಾಡಿಗೆ ಫೋನು ಮಾಡಿ.